ಕಿತ್ತೂರಿನ ಸೆರೆಯಾಳು ಬರೆದ ಪ್ರಾಣಿಗಳ ಪಟ್ಟಿ

ತುಂಗಭದ್ರೆಯ ದಕ್ಷಿಣಕ್ಕಿರುವ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸೀಮೆಯ ರೈತರಿಗೆ ಮಂಗ ಬೇರೆ, ಮುಸುವ ಬೇರೆ ಎಂಬುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ತಿಳಿಗೆಂಪು ಮೋರೆಯ, ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಕೂದಲು ಹರಡಿಕೊಂಡಿರುವ ಮಂಗವು ಕದ್ದ ಶೇಂಗಾವನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಓಡುತ್ತದೆ. ಕಪ್ಪು ಮೋರೆಯ, ನೀಳ ಬಾಲದ ಮುಸುವಕ್ಕೆ ಆ ಚೀಲವಿಲ್ಲ. ಅದರ ಬದಲಿಗೆ ಹಲವು ಕೋಣೆಗಳ ಹೊಟ್ಟೆಯಿದೆ. ಬಲಿತ ಎಲೆಗಳೂ ಅಲ್ಲಿ ಹುಳಿತು ಜೀರ್ಣವಾಗುತ್ತವೆ. ಕನ್ನಡ ನಾಡಿನ ಇಂತಹ ಪ್ರಾಣಿಗಳನ್ನು ಅವುಗಳ ಕನ್ನಡ ಹೆಸರುಗಳೊಂದಿಗೆ ವಿಜ್ಞಾನದ ದಾಖಲೆಗೆ ಸೇರಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು, ನದಿಯಾಚೆಯ ಧಾರವಾಡ ಪ್ರಾಂತದಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಸರ್ ವಾಲ್ಟರ್ ಎಲಿಯಟ್.

1803ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಎಲಿಯಟ್ 1821ರಲ್ಲಿ ಮದ್ರಾಸಿಗೆ ಬಂದರು. ಮುಂದೆ ಅವರನ್ನು ದಕ್ಷಿಣ ಮರಾಠಾ ಪ್ರಾಂತಕ್ಕೆ ಕಳುಹಿಸಲಾಯಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಪಡೆಯ ಎದುರು ಕಲೆಕ್ಟರ್ ಥ್ಯಾಕರೆ ಹತನಾದಾಗ, ಸೆರೆ ಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಒಬ್ಬರು ಸ್ಟೀವನ್‌ಸನ್, ಇನ್ನೊಬ್ಬರು ಇಪ್ಪತ್ತೊಂದರ ಹರೆಯದ ಎಲಿಯಟ್. ನಮ್ಮ ಶಾಲಾ ಪಠ್ಯಗಳಲ್ಲಿ ಅವರ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಡಿಸೆಂಬರಿನಲ್ಲಿ ಬಿಡುಗಡೆ ಹೊಂದಿದ ಆ ತರುಣ ಊರು ಬಿಟ್ಟು ಹೋಗಲಿಲ್ಲ ಎಂಬುದೇ ಇಲ್ಲಿನ ವಿಶೇಷ. 1833ರವರೆಗೂ ಅದೇ ಸೀಮೆಯಲ್ಲಿದ್ದು ಶಾಸನಗಳ ಪ್ರತಿ ಮಾಡಿಸಿದರು, ಪ್ರಾಣಿಗಳನ್ನು ಸಂಗ್ರಹಿಸಿದರು. ಅವರ 595 ಶಾಸನಗಳ ಹಸ್ತಪ್ರತಿ ಸಂಗ್ರಹವೇ ಮುಂದೆ ಫ್ಲೀಟ್ ಅವರಂತಹ ವಿದ್ವಾಂಸರಿಗೆ ಚಾಲುಕ್ಯರ ಇತಿಹಾಸ ಬರೆಯಲು ಆಸರೆಯಾಯಿತು.

ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿ 1839ರಲ್ಲಿ ಮದ್ರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಸತ್ವವಿರುವುದು ವಿವರಗಳಲ್ಲಿ. ಇಲಿಗಳ ವಿಚಾರವನ್ನೇ ನೋಡಿ. ಕೆರೆ ತೋಡುವ ಒಡ್ಡರು ಸುಗ್ಗಿಯ ಕಾಲದಲ್ಲಿ ಇಲಿಯ ಬಿಲಗಳನ್ನು ಅಗೆದು, ಅಲ್ಲಿ ಕೂಡಿಟ್ಟ ಧಾನ್ಯದಿಂದಲೇ ಬಹುಮಟ್ಟಿಗೆ ಹೊಟ್ಟೆ ಹೊರೆಯುತ್ತಿದ್ದುದನ್ನು ಎಲಿಯಟ್ ದಾಖಲಿಸಿದ್ದಾರೆ. ಅವರು ಧಾರವಾಡದಿಂದ ಕಳುಹಿಸಿದ ಪೊದೆಯಿಲಿಯೊಂದಕ್ಕೆ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞ 1837ರಲ್ಲಿ ಗೊಲುಂಡ ಎಲಿಯೋಟಿ ಎಂದು ಹೆಸರಿಟ್ಟರು. ಅದರಲ್ಲಿ ಗೊಲುಂಡ ಎಂಬುದು ಗುಲಂದಿ ಎಂಬ ಕನ್ನಡ ಹೆಸರಿನಿಂದಲೇ ಬಂದುದು. ಆ ಹೆಸರನ್ನು ಹೇಳಿಕೊಟ್ಟವರು ಯಾರೆಂಬುದು ಮಾತ್ರ ಲ್ಯಾಟಿನ್ ಪಟ್ಟಿಗಳಲ್ಲಿ ಸಿಗದು. ಜೆರ್ಡನ್ 1867ರಲ್ಲಿ ಪ್ರಕಟಿಸಿದ ಭಾರತದ ಸಸ್ತನಿಗಳ ಗ್ರಂಥವೂ ಎಲಿಯಟ್ ಟಿಪ್ಪಣಿಗಳನ್ನು ಧಾರಾಳವಾಗಿ ಬಳಸಿಕೊಂಡಿತು. ಮುಸುವ, ಮಂಗ, ಕೋಡಗಗಳೂ ಅದರಲ್ಲಿ ಕನ್ನಡದ ಹೆಸರುಗಳಾಗಿಯೇ ಉಳಿದವು.

ಆ ದಿನಗಳಲ್ಲಿ ವರ್ಗೀಕರಣವೆಂಬುದು ಇಂದಿನಂತೆ ನೆಲೆಗೊಂಡಿರಲಿಲ್ಲ. ಲಿನೇಯಸ್ 1758ರಲ್ಲೇ ಮನುಷ್ಯನನ್ನೂ ಕೋತಿಗಳನ್ನೂ ಪ್ರೈಮೇಟ್ ಎಂಬ ಒಂದೇ ಗಣದಲ್ಲಿ ಕೂರಿಸಿದ್ದರು. ಅದು ಅನೇಕರಿಗೆ ಹಿಡಿಸಲಿಲ್ಲ. ಮನುಷ್ಯ ದ್ವಿಹಸ್ತಿ, ಕೋತಿ ಚತುರ್ಹಸ್ತಿ ಎಂದು ಬೇರ್ಪಡಿಸುವ ಪದ್ಧತಿ ಎಲಿಯಟ್ ಕಾಲದಲ್ಲಿ ಪ್ರಬಲವಾಗಿತ್ತು. ವಾನರರ ಹಿಂಗಾಲು ಕೈಯಲ್ಲ, ಕಾಲೇ ಎಂದು ಹಕ್ಸ್‌ಲಿ 1863ರಲ್ಲಿ ಅಂಗರಚನೆಯ ಆಧಾರದಿಂದ ತೋರಿಸಿದ ಮೇಲೆ ಆ ಗೋಡೆ ಸಡಿಲವಾಯಿತು. ಅದಕ್ಕೂ ಮೊದಲು 1859ರಲ್ಲಿ ಡಾರ್ವಿನ್ ತಮ್ಮ ಜೀವಿಗಳ ಉಗಮದ ಗ್ರಂಥದಲ್ಲಿ, ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳುಹಿಸಿಕೊಟ್ಟ ಎಲಿಯಟ್ ಅವರನ್ನು ಹೆಸರಿಸಿ ಸ್ಮರಿಸಿದ್ದರು.

ಎಲಿಯಟ್ ಹೆಸರು ಹೊತ್ತ ಇನ್ನೊಂದು ಪ್ರಾಣಿಯ ಕಥೆ ಮತ್ತೂ ಸ್ವಾರಸ್ಯಕರ. ಅಳಿಲಿನಂತೆ ಕಾಣುವ, ಹಗಲಿನಲ್ಲಿ ನೆಲ ಕೆದಕಿ ಹುಳುಹುಪ್ಪಟೆ, ಹಣ್ಣು ತಿನ್ನುವ ಮದ್ರಾಸ್ ಟ್ರೀ ಶ್ರೂ ಪೂರ್ವಘಟ್ಟಗಳಲ್ಲಿ ಅವರಿಗೆ ದೊರೆಯಿತು. ವಾಟರ್‌ಹೌಸ್ ಅದನ್ನು ಅವರ ಹೆಸರಿನಲ್ಲೇ ವರ್ಣಿಸಿದರು. 1913ರಲ್ಲಿ ಅದಕ್ಕೆ ದೊರೆತ ಅನಥಾನ ಎಂಬ ಕುಲನಾಮ ತಮಿಳು ಹೆಸರಿನಿಂದ ಬಂದುದು. ಕಣ್ಣಿನ ಸುತ್ತಲಿನ ಎಲುಬಿನ ಬಳೆ, ಮೆದುಳಿನ ರಚನೆ ಮುಂತಾದ ಲಕ್ಷಣಗಳನ್ನು ಹಿಡಿದು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಟ್ರೀ ಶ್ರೂಗಳನ್ನು ಪ್ರೈಮೇಟ್ ಗಣಕ್ಕೆ ಸೇರಿಸಿದರು. 1945ರ ಸಿಂಪ್ಸನ್ ವರ್ಗೀಕರಣದಲ್ಲೂ ಅವು ಅಲ್ಲಿಯೇ ಇದ್ದವು. ಸಂತಾನ ಕ್ರಮ ಮತ್ತು ದೇಹರಚನೆಯ ಮರುಪರಿಶೀಲನೆಯಾದಾಗ ಆ ಹೋಲಿಕೆಗಳು ಸಾಲದಾದವು. ಇಂದು ಅವು ಸ್ಕ್ಯಾಂಡೆನ್ಷಿಯ ಎಂಬ ಪ್ರತ್ಯೇಕ ಗಣ, ಪ್ರೈಮೇಟ್‌ಗಳಿಗೆ ಸಮೀಪದ ಬಂಧುಗಳು. ಮುಸುವದ ವಿಚಾರವೂ ಹಾಗೆಯೇ. ಬಹುಕಾಲ ಒಂದೇ ಪ್ರಭೇದವೆಂದು ಎಣಿಸಲಾಗಿದ್ದ ಹನುಮಾನ್ ಲಂಗೂರನ್ನು ಈಗ ಹಲವು ಪ್ರಭೇದಗಳಾಗಿ ವಿಂಗಡಿಸಲಾಗಿದೆ.

ಮದ್ರಾಸ್ ಸರ್ಕಾರದ ಕೌನ್ಸಿಲ್ ಸದಸ್ಯರಾಗಿ ಸೇವೆ ಮುಗಿಸಿ ಸ್ಕಾಟ್ಲೆಂಡಿಗೆ ಮರಳಿದ ಎಲಿಯಟ್ 1866ರಲ್ಲಿ ಸರ್ ಪದವಿ ಪಡೆದರು. ಕೊನೆಯ ವರ್ಷಗಳಲ್ಲಿ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಆದರೂ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಪೂರೈಸಿದರು. 1887ರ ಮಾರ್ಚ್ 1ರ ಬೆಳಿಗ್ಗೆ, ತಮಿಳು ವಿದ್ವಾಂಸ ಪೋಪ್ ಅವರಿಗೆ ಪತ್ರವೊಂದನ್ನು ಹೇಳಿ ಬರೆಸಿ, ತಾವೇ ಸಹಿ ಹಾಕಿದರು. ಅದೇ ಸಂಜೆ ತೀರಿಕೊಂಡರು.