ಆರು ಡಾಲರ್‌ಗೆ ಆಡಿದ ಜಾನಿ ಯುನೈಟಸ್

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದ ಅಪ್ಪ ಅಮ್ಮಂದಿರಿಗೆ ಭಾನುವಾರದ ಟಿ.ವಿ. ಒಂದು ಒಗಟು. ಫುಟ್‌ಬಾಲ್ ಅನ್ನುತ್ತಾರೆ, ಚೆಂಡು ಮಾತ್ರ ಹೆಚ್ಚು ಹೊತ್ತು ಕೈಯಲ್ಲೇ ಇರುತ್ತದೆ. ಹೆಲ್ಮೆಟ್ ತೊಟ್ಟವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆ ನೂಕಾಟದ ಹಿಂದೆ ನಿಂತು, ಎರಡು ಮೂರು ಸೆಕೆಂಡಿನಲ್ಲಿ ಚೆಂಡನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನೇ ಕ್ವಾರ್ಟರ್‌ಬ್ಯಾಕ್. ಆ ಜಾಗದಲ್ಲಿ ಆಡಿದ ಬಾಲ್ಟಿಮೋರ್‌ನ ಜಾನಿ ಯುನೈಟಸ್ ಹೆಸರನ್ನು ಇಲ್ಲಿನ ಹಿರಿಯರು ಇಂದಿಗೂ ಗೌರವದಿಂದ ಹೇಳುತ್ತಾರೆ.

ಯುನೈಟಸ್ ಹುಟ್ಟಿದ್ದು 1933ರ ಮೇ 7ರಂದು, ಉಕ್ಕಿನ ಊರು ಪಿಟ್ಸ್‌ಬರ್ಗ್‌ನಲ್ಲಿ, ಲಿಥುವೇನಿಯಾ ಮೂಲದ ಕುಟುಂಬದಲ್ಲಿ. ತಂದೆಗೆ ಮನೆಮನೆಗೆ ಕಲ್ಲಿದ್ದಲು ತಲುಪಿಸುವ ಸಣ್ಣ ವ್ಯಾಪಾರ. ಜಾನಿಗೆ ಐದು ವರ್ಷವಾಗಿದ್ದಾಗ ಅವರು ತೀರಿಕೊಂಡರು. ನಾಲ್ಕು ಮಕ್ಕಳ ಭಾರ ಹೊತ್ತ ತಾಯಿ ಹೆಲೆನ್ ಆ ವ್ಯಾಪಾರವನ್ನೂ ನಡೆಸಿ, ಬೇರೆ ಕೆಲಸವನ್ನೂ ಮಾಡಿ, ರಾತ್ರಿ ಶಾಲೆಯಲ್ಲಿ ಲೆಕ್ಕ ಬರೆಯುವುದನ್ನು ಕಲಿತರು. ನನ್ನದೂ ಅದೇ ಕಸುಬು. ಹಗಲೆಲ್ಲ ದುಡಿದು ರಾತ್ರಿ ಡೆಬಿಟ್ ಕ್ರೆಡಿಟ್ ಕಲಿಯುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು.

ಹುಡುಗ ತೀರಾ ಸಣಕಲು. ಹೆಸರುವಾಸಿಯಾದ ನೋಟರ್ ಡೇಮ್ ವಿಶ್ವವಿದ್ಯಾಲಯ ಬೇಡ ಅಂದಿತು, ಲೂಯಿವಿಲ್ ಸೇರಿಸಿಕೊಂಡಿತು. 1955ರಲ್ಲಿ ಹುಟ್ಟೂರಿನ ಸ್ಟೀಲರ್ಸ್ ತಂಡ ಒಂಬತ್ತನೇ ಸುತ್ತಿನಲ್ಲಿ ಆಯ್ಕೆ ಮಾಡಿಕೊಂಡಿತಾದರೂ ಒಂದೇ ಒಂದು ಅಭ್ಯಾಸ ಪಂದ್ಯದಲ್ಲೂ ಆಡಿಸದೆ ಮನೆಗೆ ಕಳಿಸಿತು. ಮದುವೆಯಾಗಿತ್ತು, ಸಂಸಾರವಿತ್ತು. ಬಸ್ಸಿನ ದುಡ್ಡು ಉಳಿಸಲು ಯುನೈಟಸ್ ದಾರಿಯಲ್ಲಿ ಸಿಕ್ಕ ವಾಹನಗಳಿಗೆ ಕೈ ಅಡ್ಡ ಹಾಕಿ ಊರು ಸೇರಿದರು. ಆಮೇಲೆ ಹಗಲು ಕಟ್ಟಡ ಕೆಲಸ. ಬಿಡುವಿನಲ್ಲಿ ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಎಂಬ ಸ್ಥಳೀಯ ತಂಡಕ್ಕೆ ಆಟ. ಪಂದ್ಯಕ್ಕೆ ಆರು ಡಾಲರ್!

ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್‌ನಿಂದ ಕರೆ ಬಂತು. ಒಪ್ಪಂದ 7,000 ಡಾಲರಿಗೆ, ಅದೂ ತಂಡದಲ್ಲಿ ಉಳಿದುಕೊಂಡರೆ ಮಾತ್ರ. ಖಾಯಂ ಆಟಗಾರ ಗಾಯಗೊಂಡಾಗ ಮೈದಾನಕ್ಕಿಳಿದ ಯುನೈಟಸ್ ಎಸೆದ ಮೊದಲ ಚೆಂಡನ್ನೇ ಎದುರಾಳಿ ಕಸಿದು ಅಂಕ ಗಳಿಸಿಬಿಟ್ಟ. ಕೋಲ್ಟ್ಸ್ 58-27ರಿಂದ ಸೋತಿತು. ಆದರೆ ಈ ಬಾರಿ ಯಾರೂ ಮನೆಗೆ ಕಳಿಸಲಿಲ್ಲ.

1958ರ ಡಿಸೆಂಬರ್ 28ರಂದು ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂನಲ್ಲಿ ಜೈಂಟ್ಸ್ ವಿರುದ್ಧ ಫೈನಲ್. ಎರಡು ನಿಮಿಷವೂ ಉಳಿದಿಲ್ಲ, ಕೋಲ್ಟ್ಸ್ ಮೂರು ಅಂಕ ಹಿಂದೆ. ರೇಮಂಡ್ ಬೆರ‍್ರಿ ಎಂಬ ಗೆಳೆಯನಿಗೆ ಬೆನ್ನುಬೆನ್ನಿಗೆ ಮೂರು ಎಸೆತ ಎಸೆದು ಯುನೈಟಸ್ ತಂಡವನ್ನು ಮುಂದೆ ಒಯ್ದರು. ಏಳು ಸೆಕೆಂಡ್ ಇರುವಾಗ ಸ್ಕೋರ್ 17-17. ಹೆಚ್ಚುವರಿ ಅವಧಿಯಲ್ಲಿ 23-17ರ ಗೆಲುವು. ಲಕ್ಷಾಂತರ ಮನೆಗಳಲ್ಲಿ ಟಿ.ವಿ.ಯಲ್ಲಿ ಕಂಡ ಈ ಪಂದ್ಯದಿಂದಲೇ ವೃತ್ತಿಪರ ಫುಟ್‌ಬಾಲ್ ಅಮೆರಿಕದ ಮನೆಮಾತಾಯಿತು. ಮರುವರ್ಷವೂ ಪಟ್ಟ ಅವರದೇ. 1968ರಲ್ಲಿ ಮೊಣಕೈಗೆ ಬಿದ್ದ ಪೆಟ್ಟು ಮಾತ್ರ ಕೊನೆವರೆಗೂ ಬಿಡಲಿಲ್ಲ. 1973ರಲ್ಲಿ ಕೋಲ್ಟ್ಸ್ ಅವರನ್ನು ಸ್ಯಾನ್ ಡಿಯಾಗೊಗೆ ಮಾರಿತು. ಮರುವರ್ಷ ನಿವೃತ್ತಿ.

ನನ್ನ ಕಣ್ಣು ನಿಲ್ಲುವುದು ಮುಂದಿನ ಪುಟದಲ್ಲಿ. ವ್ಯಾಪಾರಗಳು ಕೈಕೊಟ್ಟು 1991ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಎರಡೂ ಮೊಣಕಾಲಿಗೆ ಕೃತಕ ಕೀಲು. 40,239 ಗಜದಷ್ಟು ಚೆಂಡು ಎಸೆದ ಬಲಗೈಯ ಬೆರಳುಗಳು ಮಡಚದಾದವು. ಗಾಲ್ಫ್ ಕೋಲು ಹಿಡಿಯಲು ಎಡಗೈಯಿಂದ ಬಲಗೈ ಬೆರಳು ಮಡಚಿ, ವೆಲ್ಕ್ರೊ ಪಟ್ಟಿ ಬಿಗಿಯಬೇಕಿತ್ತು. ಲೀಗ್‌ನಿಂದ ಅಂಗವೈಕಲ್ಯ ಪರಿಹಾರ ಕೇಳಿದರೆ ಸಿಗಲಿಲ್ಲ. 55 ವರ್ಷದೊಳಗೆ ಅರ್ಜಿ ಹಾಕಬೇಕಿತ್ತು ಎಂಬುದು ನಿಯಮ. ಕೈ ಪೂರ್ತಿ ಕೆಟ್ಟದ್ದು ಅರವತ್ತರ ಹೊತ್ತಿಗೆ! ಪಿಂಚಣಿ ಬರುತ್ತಿತ್ತು, ನಿಜ. ಆದರೆ ದುಡಿಮೆಯಲ್ಲಾದ ಗಾಯ ಇಪ್ಪತ್ತು ವರ್ಷ ಬಿಟ್ಟು ಬಿಲ್ ಕಳಿಸಿದರೆ ಅದನ್ನು ಯಾರ ಖಾತೆಗೆ ಬರೆಯಬೇಕು? ಕೊಲ್ಲಿ ದೇಶದ ಕಟ್ಟಡಗಳಲ್ಲಿ ದುಡಿಯುವ ನಮ್ಮವರ ಮನೆಯವರಿಗೆ ಈ ಪ್ರಶ್ನೆ ಹೊಸದಲ್ಲ. ವಿಮೆ ಕಾಗದದಲ್ಲಿ ಗಡುವಿನ ಸಾಲು ಸಣ್ಣ ಅಕ್ಷರದಲ್ಲೇ ಇರುತ್ತದೆ.

2002ರ ಸೆಪ್ಟೆಂಬರ್ 11ರಂದು, 69ನೇ ವಯಸ್ಸಿನಲ್ಲಿ, ಬಾಲ್ಟಿಮೋರ್ ಬಳಿಯ ಟಿಮೋನಿಯಂನಲ್ಲಿ ವ್ಯಾಯಾಮ ಮಾಡುತ್ತಿದ್ದಾಗ ಯುನೈಟಸ್ ಹೃದಯಾಘಾತದಿಂದ ತೀರಿಕೊಂಡರು. ಸತತ 47 ಪಂದ್ಯಗಳಲ್ಲಿ ಟಚ್‌ಡೌನ್ ಎಸೆದ ಅವರ ದಾಖಲೆಯನ್ನು 2012ರಲ್ಲಿ ಡ್ರೂ ಬ್ರೀಸ್ ಮುರಿದರು. ಅಷ್ಟರಲ್ಲಿ ಅದಕ್ಕೆ 52 ವರ್ಷವಾಗಿತ್ತು.