ಆಗಸ್ಟ್ ವೋಲ್ಮರ್

ಆಗಸ್ಟ್ ವೋಲ್ಮರ್ (ಮಾರ್ಚ್ ೭, ೧೮೭೬ – ನವೆಂಬರ್ ೪, ೧೯೫೫) ಅಮೆರಿಕದ ಪೊಲೀಸ್ ಅಧಿಕಾರಿ ಹಾಗೂ ಪ್ರಾಧ್ಯಾಪಕರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಮೊದಲ ಪೊಲೀಸ್ ಮುಖ್ಯಸ್ಥರಾಗಿದ್ದ ಇವರನ್ನು ಅಮೆರಿಕದ ಆಧುನಿಕ ಪೊಲೀಸ್ ವ್ಯವಸ್ಥೆಯ ಜನಕರೆಂದು ಪರಿಗಣಿಸಲಾಗುತ್ತದೆ. ಮಾದಕ ವ್ಯಸನವು ಮೂಲತಃ ವೈದ್ಯಕೀಯ ಸಮಸ್ಯೆಯೆಂದು ಇವರು ಪ್ರತಿಪಾದಿಸಿದರು.

ಆರಂಭಿಕ ಜೀವನ

ವೋಲ್ಮರ್ ಅವರು ನ್ಯೂ ಆರ್ಲಿಯನ್ಸ್ ನಗರದಲ್ಲಿ ಜರ್ಮನಿಯಿಂದ ವಲಸೆ ಬಂದಿದ್ದ ದಂಪತಿಗಳಿಗೆ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರಿಗೆ ಹೆಚ್ಚಿನ ಶಾಲಾ ಶಿಕ್ಷಣ ದೊರೆಯಲಿಲ್ಲ. ೧೮೯೮ರ ಸ್ಪೇನ್-ಅಮೆರಿಕ ಯುದ್ಧದಲ್ಲಿ ಸೈನಿಕರಾಗಿ ಫಿಲಿಪ್ಪೀನ್ಸಿಗೆ ತೆರಳಿದರು. ಮರಳಿದ ಬಳಿಕ ಬರ್ಕ್ಲಿಯಲ್ಲಿ ಅಂಚೆ ಪೇದೆಯಾದರು. ೧೯೦೪ರಲ್ಲಿ ಹಿಡಿತ ತಪ್ಪಿ ಓಡುತ್ತಿದ್ದ ರೈಲು ಬಂಡಿಯೊಂದನ್ನು ತಡೆದು ಪ್ರಯಾಣಿಕರ ಪ್ರಾಣ ಉಳಿಸಿದ್ದರಿಂದ ಜನಪ್ರಿಯರಾದರು. ಮರುವರ್ಷ ಪಟ್ಟಣದ ಮಾರ್ಷಲ್ ಹುದ್ದೆಗೆ ಚುನಾಯಿತರಾಗಿ, ೧೯೦೯ರಲ್ಲಿ ಪೊಲೀಸ್ ಮುಖ್ಯಸ್ಥರಾದರು.

ಪೊಲೀಸ್ ತರಬೇತಿ

ಆ ಕಾಲದಲ್ಲಿ ಪೊಲೀಸರಿಗೆ ಕ್ರಮಬದ್ಧ ತರಬೇತಿ ಇರುವುದು ಅಪರೂಪವಾಗಿತ್ತು. ೧೯೦೮ರಲ್ಲಿ ವೋಲ್ಮರ್ ಪೊಲೀಸ್ ಶಾಲೆಯೊಂದನ್ನು ಆರಂಭಿಸಿ, ಕಾನೂನು ಮತ್ತು ಸಾಕ್ಷ್ಯಸಂಗ್ರಹವನ್ನು ಕಲಿಸುವ ಏರ್ಪಾಡು ಮಾಡಿದರು. ಕಾಲೇಜು ವಿದ್ಯಾರ್ಥಿಗಳನ್ನು ಇಲಾಖೆಗೆ ಸೇರಿಸಿಕೊಂಡರು. ಆರೋಪಿಗಳನ್ನು ಹಿಂಸಿಸಿ ತಪ್ಪೊಪ್ಪಿಗೆ ಪಡೆಯುವ ಪದ್ಧತಿಯನ್ನು ವಿರೋಧಿಸಿದರು. ೧೯೨೩-೨೪ರಲ್ಲಿ ಒಂದು ವರ್ಷ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಮುಖ್ಯಸ್ಥರಾಗಿದ್ದರು. ಮುಂದೆ ಷಿಕಾಗೊ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾದರು.

ಮಾದಕ ವ್ಯಸನದ ಕುರಿತ ನಿಲುವು

೧೯೧೪ರ ಹ್ಯಾರಿಸನ್ ಕಾಯಿದೆಯು ಅಫೀಮು ಮತ್ತು ಕೊಕೇನ್ ಮಾರಾಟವನ್ನು ನಿಯಂತ್ರಿಸಿತು. ವ್ಯಸನವನ್ನು ಮುಂದುವರಿಸಲೆಂದೇ ಮಾದಕ ಔಷಧ ಬರೆದುಕೊಡುವುದು ವೈದ್ಯವೃತ್ತಿಯ ಭಾಗವಲ್ಲವೆಂದು ೧೯೧೯ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪರಿಣಾಮವಾಗಿ ಅನೇಕ ವೈದ್ಯರು ಮೊಕದ್ದಮೆಗಳನ್ನು ಎದುರಿಸಬೇಕಾಯಿತು. ವ್ಯಸನಿಗಳಿಗಾಗಿ ಕೆಲವು ನಗರಗಳು ನಡೆಸುತ್ತಿದ್ದ ಚಿಕಿತ್ಸಾಲಯಗಳು ಮುಚ್ಚಿಹೋದವು. ವೈದ್ಯರ ಆಶ್ರಯ ತಪ್ಪಿದ ವ್ಯಸನಿಗಳ ಪಾಲಿಗೆ ಕಳ್ಳಮಾರಾಟಗಾರರು ಮತ್ತು ಸೆರೆಮನೆಗಳು ಉಳಿದವು.

ವೋಲ್ಮರ್ ೧೯೩೬ರಲ್ಲಿ ಪ್ರಕಟಿಸಿದ ಪೊಲೀಸರು ಮತ್ತು ಆಧುನಿಕ ಸಮಾಜವನ್ನು ಕುರಿತ ಗ್ರಂಥದಲ್ಲಿ ಈ ನೀತಿಯನ್ನು ಖಂಡಿಸಿದರು. ಕಠಿಣ ಶಿಕ್ಷೆ ಹಾಗೂ ಪೊಲೀಸ್ ದಾಳಿಗಳು ವ್ಯರ್ಥವೂ ದುಬಾರಿಯೂ ಆಗಿದ್ದು, ವ್ಯಸನಪೀಡಿತರ ಮೇಲೆ ಎಸಗುವ ಕ್ರೌರ್ಯವೆಂಬುದು ಅವರ ಅಭಿಪ್ರಾಯವಾಗಿತ್ತು. ದಮನದಿಂದ ವ್ಯಾಪಾರವು ಗುಪ್ತವಾಗಿ ಕಳ್ಳಸಾಗಣೆದಾರರು ಶ್ರೀಮಂತರಾಗುತ್ತಾರೆ, ವ್ಯಸನಿಯು ಹಣಕ್ಕಾಗಿ ಅಪರಾಧಕ್ಕಿಳಿಯುತ್ತಾನೆ ಎಂದು ಅವರು ವಾದಿಸಿದರು. ಕೇಂದ್ರ ಸರ್ಕಾರವೇ ಈ ಔಷಧಗಳನ್ನು ತನ್ನ ನಿಯಂತ್ರಣದಲ್ಲಿ ವೆಚ್ಚದ ಬೆಲೆಗೆ ವಿತರಿಸಿದರೆ ಲಾಭದ ಆಸೆ ಇಲ್ಲವಾಗುತ್ತದೆ. ಹೊಸ ವ್ಯಸನಿಗಳನ್ನು ಬೇಗ ಗುರುತಿಸಿ ಚಿಕಿತ್ಸೆ ನೀಡಬಹುದು ಎಂಬುದು ಅವರ ಸಲಹೆ. ಸರ್ಕಾರ ಇದನ್ನು ಸ್ವೀಕರಿಸಲಿಲ್ಲ. ಬದಲಿಗೆ, ೧೯೫೧ರ ಬಾಗ್ಸ್ ಕಾಯಿದೆಯು ಕಡ್ಡಾಯ ಕನಿಷ್ಠ ಶಿಕ್ಷೆಯನ್ನು ವಿಧಿಸಿತು.

ನಿಧನ ಮತ್ತು ಪ್ರಭಾವ

ಪಾರ್ಕಿನ್ಸನ್ ಕಾಯಿಲೆ ಮತ್ತು ಕ್ಯಾನ್ಸರಿನಿಂದ ಬಳಲುತ್ತಿದ್ದ ವೋಲ್ಮರ್ ೧೯೫೫ರಲ್ಲಿ ಬರ್ಕ್ಲಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಫಿಲಿಪ್ಪೀನ್ಸಿನ ಸೈನಿಕ ವಿಧಾನಗಳನ್ನು ನಾಗರಿಕ ಪೊಲೀಸ್ ಕೆಲಸಕ್ಕೆ ತಂದರೆಂಬ ಟೀಕೆಯೂ ಇದೆ. ಅವರ ಶಿಷ್ಯ ಓ. ಡಬ್ಲ್ಯು. ವಿಲ್ಸನ್ ಮುಂದೆ ಷಿಕಾಗೊ ಪೊಲೀಸ್ ಇಲಾಖೆಯ ಮುಖ್ಯಸ್ಥರಾದರು. ತರಬೇತಿಯ ಕುರಿತ ವೋಲ್ಮರ್ ಅವರ ವಿಚಾರಗಳು ಅಮೆರಿಕದಾದ್ಯಂತ ಹರಡಿದವು. ವ್ಯಸನಿಗಳ ಕುರಿತ ವಿಚಾರಗಳು ಅವರ ಜೀವಿತಕಾಲದಲ್ಲಿ ಕಾರ್ಯರೂಪಕ್ಕೆ ಬರಲಿಲ್ಲ.