ರಕ್ತದ ಹಾದಿ ಕಂಡ ವೈದ್ಯ ವಿಲಿಯಂ ಹಾರ್ವೆ

ವೈದ್ಯರು ಮುಂಗೈ ಹಿಡಿದು ನಾಡಿ ನೋಡುವುದು, ದಾದಿ ತೋಳಿಗೆ ಪಟ್ಟಿ ಬಿಗಿದು ರಕ್ತದ ಮಾದರಿ ತೆಗೆಯುವುದು ನಮಗೆಲ್ಲ ಪರಿಚಿತ ನೋಟಗಳು. ಹೃದಯದಿಂದ ಹೊರಟ ರಕ್ತ ದೇಹವನ್ನೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆ ಎಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ನಾನ್ನೂರು ವರ್ಷಗಳ ಹಿಂದೆ ಯುರೋಪಿನ ಯಾವ ವಿಶ್ವವಿದ್ಯಾಲಯದಲ್ಲಿಯೂ ಈ ಪಾಠವಿರಲಿಲ್ಲ. ಅದನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. ಅದಕ್ಕಾಗಿ ಆತ ತೆತ್ತ ಬೆಲೆಯೂ ಸಣ್ಣದಲ್ಲ.

ಪಡುವಾದ ಪಾಠ

ಇಂಗ್ಲೆಂಡಿನ ಕರಾವಳಿಯ ಫೋಕ್‌ಸ್ಟನ್ ಎಂಬ ಊರಿನಲ್ಲಿ 1578ರ ಏಪ್ರಿಲ್ 1ರಂದು ಹಾರ್ವೆ ಜನಿಸಿದನು. ತಂದೆ ಥಾಮಸ್ ಹಾರ್ವೆ ಅನುಕೂಲಸ್ಥ ವ್ಯಾಪಾರಿ. ತಮ್ಮಂದಿರಲ್ಲಿ ಹಲವರು ಮುಂದೆ ಲಂಡನ್ನಿನಲ್ಲಿ ವ್ಯಾಪಾರಕ್ಕಿಳಿದರೆ, ಹಿರಿಯ ಮಗ ವಿಲಿಯಂ ಮಾತ್ರ ವಿದ್ಯೆಯ ದಾರಿ ಹಿಡಿದನು. ಕ್ಯಾಂಟರ್ಬರಿಯ ಶಾಲೆಯಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಪದವಿ ಪಡೆದು, ವೈದ್ಯಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ಇಟಲಿಯ ಪಡುವಾ ನಗರಕ್ಕೆ ತೆರಳಿದನು.

ಅಂಗರಚನಾಶಾಸ್ತ್ರಕ್ಕೆ ಪಡುವಾ ಆಗ ಕಾಶಿಯಿದ್ದಂತೆ. ಮಾನವ ದೇಹವನ್ನು ಸ್ವತಃ ಛೇದಿಸಿ, ಹಳೆಯ ಗ್ರಂಥಗಳ ನೂರಾರು ತಪ್ಪುಗಳನ್ನು ಎತ್ತಿ ತೋರಿಸಿದ ವೆಸೇಲಿಯಸ್ ಅಧ್ಯಾಪಕನಾಗಿದ್ದುದು ಅಲ್ಲಿಯೇ. ಹಾರ್ವೆಯ ಗುರು ಫ್ಯಾಬ್ರಿಷಿಯಸ್ ಅಭಿಧಮನಿಗಳ ಒಳಗೆ ಪುಟ್ಟ ಪುಟ್ಟ ಕವಾಟಗಳಿರುವುದನ್ನು ಶಿಷ್ಯರಿಗೆ ತೋರಿಸುತ್ತಿದ್ದನು. ಕೈಕಾಲುಗಳಿಗೆ ರಕ್ತ ಒಮ್ಮೆಗೇ ನುಗ್ಗದಂತೆ ಅವು ತಡೆಯುತ್ತವೆ ಎಂದು ಆತನ ಎಣಿಕೆ. ಆದರೆ ಆ ಕವಾಟಗಳೆಲ್ಲ ಹೃದಯದ ಕಡೆಗೇ ತೆರೆದುಕೊಳ್ಳುವುದೇಕೆ? ರಕ್ತಪರಿಚಲನೆಯ ಯೋಚನೆಗೆ ತನ್ನನ್ನು ಎಳೆದೊಯ್ದುದು ಈ ಕವಾಟಗಳೇ ಎಂದು ಹಾರ್ವೆ ಇಳಿವಯಸ್ಸಿನಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್‌ಗೆ ತಿಳಿಸಿದನಂತೆ.

1602ರಲ್ಲಿ ವೈದ್ಯ ಪದವಿಯೊಡನೆ ಸ್ವದೇಶಕ್ಕೆ ಮರಳಿದ ಹಾರ್ವೆ, 1604ರಲ್ಲಿ ರಾಜವೈದ್ಯ ಲ್ಯಾನ್ಸಲಾಟ್ ಬ್ರೌನ್‌ನ ಮಗಳು ಎಲಿಜಬೆತ್‌ಳನ್ನು ವಿವಾಹವಾದನು. ಅವರಿಗೆ ಮಕ್ಕಳಾಗಲಿಲ್ಲ. 1609ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ವೈದ್ಯನಾದನು. 1615ರಲ್ಲಿ ವೈದ್ಯರ ಕಾಲೇಜು ಅವನನ್ನು ಅಂಗರಚನಾಶಾಸ್ತ್ರದ ಉಪನ್ಯಾಸಕನನ್ನಾಗಿ ನೇಮಿಸಿತು. ಮುಂದೆ ಒಂದನೆಯ ಜೇಮ್ಸ್ ಮತ್ತು ಒಂದನೆಯ ಚಾರ್ಲ್ಸ್ ಇಬ್ಬರ ಆಸ್ಥಾನದಲ್ಲಿಯೂ ವೈದ್ಯನಾಗಿದ್ದನು.

ಗೇಲನ್ನನ ಸಾಮ್ರಾಜ್ಯ

ಆಗಿನ ವೈದ್ಯಲೋಕವನ್ನು ಆಳುತ್ತಿದ್ದವನು ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್. ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತ ತಯಾರಾಗುತ್ತದೆ. ಅಭಿಧಮನಿಗಳ ಮೂಲಕ ಹರಿದು, ಗದ್ದೆಗೆ ಹಾಯಿಸಿದ ನೀರಿನಂತೆ ಅಂಗಾಂಗಗಳಲ್ಲಿ ಇಂಗಿಹೋಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ಹೃದಯದ ನಡುಗೋಡೆಯ ಅಗೋಚರ ರಂಧ್ರಗಳಿಂದ ಬಲಗಡೆಯಿಂದ ಎಡಗಡೆಗೆ ಜಿನುಗುತ್ತದೆ ಎಂಬುದು ಅವನ ಸಿದ್ಧಾಂತ. ಈ ರಂಧ್ರಗಳ ಬಗ್ಗೆ ಸಂಶಯ ಹುಟ್ಟಿದ್ದು ಹಾರ್ವೆಗೆ ಮೊದಲಲ್ಲ. ಹದಿಮೂರನೆಯ ಶತಮಾನದ ಅರಬ್ ವೈದ್ಯ ಇಬ್ನ್ ಅಲ್ ನಫೀಸ್, ಬಲಭಾಗದ ರಕ್ತ ಶ್ವಾಸಕೋಶಗಳ ಮೂಲಕವೇ ಎಡಭಾಗಕ್ಕೆ ಬರುತ್ತದೆಂದು ಬರೆದಿದ್ದನು. ಹದಿನಾರನೆಯ ಶತಮಾನದಲ್ಲಿ ಪಡುವಾದ ಕೊಲಂಬೊ ಕೂಡ ಇದನ್ನೇ ಹೇಳಿದ್ದನು. ಆದರೂ ಇಡೀ ದೇಹದ ರಕ್ತಕ್ಕೆ ಒಂದು ಸುತ್ತಿನ ಹಾದಿಯಿದೆಯೆಂದು ಸಾಧಿಸಿದವರು ಇರಲಿಲ್ಲ.

ಲೆಕ್ಕ ಹೇಳಿದ ಸತ್ಯ

ಹಾರ್ವೆ ಗ್ರಂಥಗಳನ್ನು ಬದಿಗಿಟ್ಟು ಹೃದಯವನ್ನೇ ನೋಡಲು ಕುಳಿತನು. ನಾಯಿ, ಹಂದಿಗಳ ಹೃದಯದ ಬಡಿತ ಕಣ್ಣು ಹಿಡಿಯಲಾರದಷ್ಟು ವೇಗ. ಆದ್ದರಿಂದ ಕಪ್ಪೆ, ಹಾವು, ಮೀನುಗಳಂತಹ ತಣ್ಣನೆ ರಕ್ತದ ಜೀವಿಗಳ ನಿಧಾನವಾದ ಬಡಿತವನ್ನೂ, ಸಾಯುತ್ತಿರುವ ಪ್ರಾಣಿಗಳ ಸೋಲುತ್ತಿರುವ ಬಡಿತವನ್ನೂ ಗಮನಿಸಿದನು. ಹೃದಯ ಕೆಲಸ ಮಾಡುವುದು ಹಿಗ್ಗುವಾಗ ಎಂದು ಅಂದಿನವರು ತಿಳಿದಿದ್ದರು. ಅದು ಸ್ನಾಯುವಿನಂತೆ ಕುಗ್ಗಿ ಗಟ್ಟಿಯಾದಾಗಲೇ ರಕ್ತವನ್ನು ಹೊರದೂಡುತ್ತದೆ, ಆ ನೂಕಿಗೆ ಅಪಧಮನಿ ಉಬ್ಬುವುದೇ ನಾಡಿ ಎಂದು ಹಾರ್ವೆ ಕಂಡುಕೊಂಡನು.

ಬಳಿಕ ಒಂದು ಸರಳ ಲೆಕ್ಕ. ಒಂದು ಬಡಿತಕ್ಕೆ ಹೃದಯ ಅರ್ಧ ಔನ್ಸ್ ರಕ್ತವನ್ನಷ್ಟೇ ತಳ್ಳುತ್ತದೆ, ಅರ್ಧ ಗಂಟೆಗೆ ಸಾವಿರ ಸಲವಷ್ಟೇ ಬಡಿಯುತ್ತದೆ ಎಂದಿಟ್ಟುಕೊಳ್ಳೋಣ. ಆಗಲೂ ಅರ್ಧ ಗಂಟೆಯಲ್ಲಿ 500 ಔನ್ಸ್, ಅಂದರೆ ಸುಮಾರು 14 ಕಿಲೋಗ್ರಾಂ ರಕ್ತ ಹೃದಯವನ್ನು ದಾಟಬೇಕು. ಒಬ್ಬ ಮನುಷ್ಯನ ಮೈಯಲ್ಲಿ ಅಷ್ಟು ರಕ್ತವೇ ಇಲ್ಲ. ಅಷ್ಟನ್ನು ಹುಟ್ಟಿಸುವ ಊಟವನ್ನು ಯಾರೂ ಉಣ್ಣಲಾರರು. ಹಾಗಾದರೆ ಉಳಿಯುವುದು ಒಂದೇ ದಾರಿ: ಅದೇ ರಕ್ತ ಮತ್ತೆ ಮತ್ತೆ ತಿರುಗಿ ಬರುತ್ತಿರಬೇಕು. ಹಾರ್ವೆ ಬೇಕೆಂದೇ ಕಡಿಮೆ ಅಂಕಿಗಳನ್ನು ಹಿಡಿದಿದ್ದನು. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹಾಯಿಸುತ್ತದೆ ಎಂಬುದು ಈಗ ತಿಳಿದಿರುವ ಲೆಕ್ಕ. ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚು ಕಡಿಮೆ ಅಷ್ಟೇ.

ಲೆಕ್ಕಕ್ಕೆ ಸಾಕ್ಷಿಯಾಗಿ ಆತ ಮನುಷ್ಯನ ತೋಳನ್ನೇ ಬಳಸಿದನು. ಪಟ್ಟಿಯನ್ನು ಬಲವಾಗಿ ಬಿಗಿದರೆ ಆಳದಲ್ಲಿರುವ ಅಪಧಮನಿಯೂ ಮುಚ್ಚಿ ಕೈ ತಣ್ಣಗಾಗುತ್ತದೆ, ನಾಡಿ ನಿಲ್ಲುತ್ತದೆ. ಸ್ವಲ್ಪ ಸಡಿಲಿಸಿದರೆ ಅಪಧಮನಿ ತೆರೆದುಕೊಳ್ಳುತ್ತದೆ, ಚರ್ಮದಡಿಯ ಅಭಿಧಮನಿ ಮಾತ್ರ ಮುಚ್ಚಿರುತ್ತದೆ. ಆಗ ಕೈ ಕೆಂಪೇರಿ, ಪಟ್ಟಿಯ ಕೆಳಗೆ ಅಭಿಧಮನಿಗಳು ಉಬ್ಬಿ ನಿಲ್ಲುತ್ತವೆ. ರಕ್ತ ಅಪಧಮನಿಯಿಂದ ಬಂದು ಅಭಿಧಮನಿಯಿಂದ ಮರಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಉಬ್ಬಿದ ನಾಳದ ರಕ್ತವನ್ನು ಬೆರಳಿನಿಂದ ಹೃದಯದ ಕಡೆಗೆ ತಳ್ಳಿದರೆ ಸಲೀಸಾಗಿ ಸರಿಯುತ್ತದೆ. ಅಂಗೈಯ ಕಡೆಗೆ ತಳ್ಳಿದರೆ ಕವಾಟ ಬಿಡದು. ಗುರು ತೋರಿಸಿದ ಕವಾಟಗಳ ಅರ್ಥ ಶಿಷ್ಯನಿಗೆ ದೊರೆತಿತ್ತು.

ತೆತ್ತ ಬೆಲೆ

1628ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅವನ ಲ್ಯಾಟಿನ್ ಗ್ರಂಥ ಅಚ್ಚಾಯಿತು. ಕೇವಲ 72 ಪುಟಗಳು, ಅಚ್ಚಿನ ದೋಷಗಳು ಹೇರಳ. ಆಗ ಹಾರ್ವೆಗೆ ಐವತ್ತು ವರ್ಷ. ಸಾವಿರದ ನಾನ್ನೂರು ವರ್ಷಗಳ ನಂಬಿಕೆಗೆ ಎದುರು ನಿಂತವನಿಗೆ ಹೊಗಳಿಕೆ ಸುಲಭವಾಗಿ ದಕ್ಕಲಿಲ್ಲ. ಪ್ಯಾರಿಸ್ಸಿನ ಹೆಸರಾಂತ ಅಂಗರಚನಾಶಾಸ್ತ್ರಜ್ಞ ರಿಯೋಲಾನ್ ಕಟುವಾಗಿ ವಿರೋಧಿಸಿದನು. ಹಾರ್ವೆಗೆ ತಲೆ ಕೆಟ್ಟಿದೆಯೆಂದು ಜನ ಆಡಿಕೊಂಡರು, ಅವನ ಬಳಿಗೆ ಬರುವ ರೋಗಿಗಳ ಸಂಖ್ಯೆ ಇಳಿಯಿತು ಎಂದು ಅವನನ್ನು ಬಲ್ಲ ಜಾನ್ ಆಬ್ರೆ ದಾಖಲಿಸಿದ್ದಾನೆ. ಹಾರ್ವೆ ಜಗಳಕ್ಕಿಳಿಯಲಿಲ್ಲ. ರಿಯೋಲಾನ್‌ನಿಗೆ ಅಚ್ಚಿನಲ್ಲಿ ಉತ್ತರ ಕೊಟ್ಟದ್ದು 1649ರಲ್ಲಿ, ಇಪ್ಪತ್ತೊಂದು ವರ್ಷಗಳ ನಂತರ.

ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುವ ಈ ಸ್ವಭಾವ ಬೇರೆಡೆಯೂ ಉಪಕಾರಕ್ಕೆ ಬಂತು. 1634ರಲ್ಲಿ ಲ್ಯಾಂಕಾಶೈರ್‌ನ ಕೆಲವು ಹೆಂಗಸರ ಮೇಲೆ ಮಾಟಗಾತಿಯರೆಂಬ ಆರೋಪ ಬಂದಾಗ, ಅವರ ದೇಹಪರೀಕ್ಷೆಯ ಮೇಲ್ವಿಚಾರಣೆಯನ್ನು ದೊರೆ ಹಾರ್ವೆಗೆ ವಹಿಸಿದನು. ಅಸಹಜವಾದುದೇನೂ ಇಲ್ಲವೆಂದು ವರದಿ ಬಂದಿತು.

1642ರಲ್ಲಿ ದೊರೆಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಹೊತ್ತಿಕೊಂಡಿತು. ಹಾರ್ವೆ ದೊರೆಯ ಜೊತೆ ನಿಂತನು. ಲಂಡನ್ನಿನಲ್ಲಿ ಅವನ ವಸತಿಗೆ ನುಗ್ಗಿದವರು ವರ್ಷಗಳ ಟಿಪ್ಪಣಿಗಳನ್ನು ನಾಶಮಾಡಿದರು. ಕೀಟಗಳ ಉತ್ಪತ್ತಿಯ ಬಗ್ಗೆ ಮಾಡಿದ್ದ ಅಧ್ಯಯನವೂ ಅದರಲ್ಲಿ ಹೋಯಿತು. ಉಳಿದೆಲ್ಲ ನಷ್ಟಗಳಿಗಿಂತ ಇದೇ ಅವನನ್ನು ಹೆಚ್ಚು ನೋಯಿಸಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದ ಆಸ್ಪತ್ರೆಯ ಹುದ್ದೆಯೂ ಕೈತಪ್ಪಿತು. 1649ರಲ್ಲಿ ದೊರೆಯ ಶಿರಚ್ಛೇದವಾಯಿತು. ಅಷ್ಟಾದರೂ 1651ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಜೀವಿಗಳ ಸಂತಾನೋತ್ಪತ್ತಿಯನ್ನು ಕುರಿತ ಮತ್ತೊಂದು ದೊಡ್ಡ ಗ್ರಂಥವನ್ನು ಹೊರತಂದನು. 1654ರಲ್ಲಿ ವೈದ್ಯರ ಕಾಲೇಜಿನ ಅಧ್ಯಕ್ಷ ಪದವಿ ಅರಸಿ ಬಂದಾಗ ವೃದ್ಧಾಪ್ಯದ ಕಾರಣ ನೀಡಿ ನಿರಾಕರಿಸಿದನು. 1657ರ ಜೂನ್ 3ರಂದು ತೀರಿಕೊಂಡನು.

ಉಳಿದುಹೋದ ಕೊಂಡಿ

ಹಾರ್ವೆಯ ಸಿದ್ಧಾಂತದಲ್ಲಿ ಒಂದು ಕೊಂಡಿ ಕಾಣದೆ ಉಳಿದಿತ್ತು. ಅಪಧಮನಿಯ ತುದಿಯಿಂದ ಅಭಿಧಮನಿಯ ಮೊದಲಿಗೆ ರಕ್ತ ದಾಟುವುದು ಹೇಗೆ? ಬರಿಗಣ್ಣಿಗೆ ಅದು ನಿಲುಕದು. ದಾರಿ ಇದ್ದೇ ತೀರಬೇಕೆಂದು ಆತ ತರ್ಕಿಸಿದನೇ ಹೊರತು ಅದನ್ನು ಕಾಣಲಿಲ್ಲ. ಆತ ಸತ್ತ ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಇಟಲಿಯ ಮಾಲ್ಪಿಗಿ ಸೂಕ್ಷ್ಮದರ್ಶಕದಡಿ ಕಪ್ಪೆಯ ಶ್ವಾಸಕೋಶವನ್ನಿಟ್ಟು ಕೂದಲಿಗಿಂತ ತೆಳುವಾದ ಲೋಮನಾಳಗಳನ್ನು ಕಂಡನು. ಸುತ್ತು ಪೂರ್ಣವಾಯಿತು.

ಹಾರ್ವೆಯ ಶೋಧದಿಂದ ಅಂದಿನ ಚಿಕಿತ್ಸೆ ಕೂಡಲೇ ಬದಲಾಗಲಿಲ್ಲ. ರಕ್ತ ಹೊರಹರಿಸುವ ಹಳೆಯ ಪದ್ಧತಿಯನ್ನು ಸ್ವತಃ ಆತನೂ ಬಿಡಲಿಲ್ಲ. ಆದರೆ ರಕ್ತದೊತ್ತಡದ ಅಳತೆ, ರಕ್ತಪೂರಣ, ಹೃದಯದ ಶಸ್ತ್ರಚಿಕಿತ್ಸೆ ಎಲ್ಲವೂ ನಿಂತಿರುವುದು ಆತ ಹಾಕಿದ ಅಡಿಪಾಯದ ಮೇಲೆ. ಮುಂದಿನ ಸಲ ಪ್ರಯೋಗಾಲಯದಲ್ಲಿ ನಿಮ್ಮ ತೋಳಿಗೆ ಪಟ್ಟಿ ಬಿಗಿದಾಗ ಉಬ್ಬುವ ನೀಲಿ ನರವನ್ನು ಗಮನಿಸಿ ನೋಡಿ. ಹಾರ್ವೆ ತನ್ನ ವಿರೋಧಿಗಳ ಮುಂದಿಟ್ಟ ಸಾಕ್ಷಿ ಅದೇ.